ಒಂದು ಸರ್ವರ್, ನಾಲ್ಕು ಜಾಲತಾಣ: ಯಾವ ಮೀಟರ್ ಹಾಕಬೇಕು?

ಮಾಟುಂಗಾದ ಎರಡು ಉಡುಪಿ ಹೋಟೆಲು, ಡೊಂಬಿವಿಲಿಯ ಒಂದು ಕನ್ನಡ ಸಂಘ, ಒಂದು ಯಕ್ಷಗಾನ ಮಂಡಳಿ: ನಾಲ್ಕೂ ಜಾಲತಾಣಗಳು ನನ್ನ ಒಂದೇ ಸರ್ವರಿನಲ್ಲಿವೆ. ಬ್ಯಾಂಡ್‌ವಿಡ್ತ್ (ತಿಂಗಳಿಗೆ ಸರ್ವರಿನಿಂದ ಹೋಗಿಬರುವ ದತ್ತಾಂಶ) ಮಿತಿ ಮೀರಿದ ತಿಂಗಳು ಹೆಚ್ಚುವರಿ ಹಣವನ್ನು ಯಾರಿಂದ ಕೇಳುವುದು?

ದತ್ತಾಂಶದ ಓಡಾಟ ಅಳೆಯುವ ವಿಎನ್‌ಸ್ಟಾಟ್ ತಂತ್ರಾಂಶ ಮುಂಬೈಯ ಹಳೆಯ ಸೊಸೈಟಿಯ ನೀರಿನ ಮೀಟರಿನಂತೆ. ಇಡೀ ಕಟ್ಟಡಕ್ಕೆ ಒಂದೇ. ಕರ್ನಲ್ (ಕಾರ್ಯಾಚರಣಾ ವ್ಯವಸ್ಥೆಯ ತಿರುಳು) ಇಟ್ಟ ಎಣಿಕೆಯನ್ನು ಓದಿ ಗಂಟೆ, ದಿನ, ತಿಂಗಳ ಮೊತ್ತ ಹೇಳುತ್ತದೆ. ಸರ್ವರಿಗೆ ಹೊರೆ ಇಲ್ಲವೆನ್ನುವಷ್ಟು ಕಡಿಮೆ. ಆದರೆ ಯಾವ ಮನೆಯ ನಲ್ಲಿ ಸೋರುತ್ತಿದೆ ಎಂದು ಅದಕ್ಕೆ ತಿಳಿಯದು.

ಅದನ್ನು ತಿಳಿಸುವುದು ಲಾಗ್ (ಯಾರು ಯಾವ ಪುಟ ಕೇಳಿದರು ಎಂದು ಸರ್ವರ್ ಬರೆದಿಡುವ ದಾಖಲೆ) ಓದುವ ಗೋಆಕ್ಸೆಸ್ ತಂತ್ರಾಂಶ. ಪುಟಗಳನ್ನು ಕಳುಹಿಸಿಕೊಡುವ ವೆಬ್ ಸರ್ವರ್ ತಂತ್ರಾಂಶ ಎನ್‌ಜಿನ್‌ಎಕ್ಸ್‌ನ ಮಾಮೂಲಿ ಲಾಗ್‌ನಲ್ಲಿ ತಾಣದ ಹೆಸರು ಇರುವುದಿಲ್ಲ, ಹಾಗಾಗಿ ಮೊದಲು ಅದನ್ನು ಸೇರಿಸಿ, ಇಲ್ಲವೇ ತಾಣಕ್ಕೊಂದು ಲಾಗ್ ಕಡತ ಇಡಿ. ಮಂಡಳಿಯ ಪ್ರಸಂಗದ ವಿಡಿಯೊಗಳೇ ಸಿಂಹಪಾಲು ನುಂಗುತ್ತಿದ್ದುದು ನನಗೆ ಗೊತ್ತಾದದ್ದು ಹೀಗೆ. (ಪಾಪ, ನಾನು ಅದುವರೆಗೆ ಹೋಟೆಲಿನವರನ್ನೇ ಅನುಮಾನಿಸಿದ್ದೆ.) ಇದರ ಮೊತ್ತ ವಿಎನ್‌ಸ್ಟಾಟ್‌ಗಿಂತ ಸಾಮಾನ್ಯವಾಗಿ ಕಡಿಮೆ ಬರುತ್ತದೆ, ಗಾಬರಿ ಬೇಡ: ಬ್ಯಾಕಪ್, ಇಮೇಲ್, ಮರುರವಾನೆಯಾದ ಪ್ಯಾಕೆಟ್‌ಗಳು (ದತ್ತಾಂಶದ ತುಣುಕುಗಳು) ವೆಬ್ ಲಾಗ್‌ಗೆ ಬರುವುದಿಲ್ಲ. ಸರ್ವರಿನ ಮುಂದೆ ಸಿಡಿಎನ್ (ತಾಣದ ಪ್ರತಿಗಳನ್ನು ಇಟ್ಟುಕೊಂಡು ಓದುಗರಿಗೆ ಹಂಚುವ ಬೇರೆ ಸರ್ವರುಗಳ ಜಾಲ) ಇದ್ದರೆ ಅಲ್ಲಿಂದಲೇ ಹೋದದ್ದೂ ಕಾಣದು.

ಎಡಬ್ಲ್ಯೂಸ್ಟಾಟ್ಸ್ ಕೂಡ ಇದೇ ಕೆಲಸ ಮಾಡುತ್ತದೆ, ತಾಣಕ್ಕೊಂದು ಸಂರಚನಾ ಕಡತ ಬೇಕು. ಹೋಸ್ಟಿಂಗ್ ಪ್ಯಾನೆಲ್‌ನಲ್ಲಿ (ಸರ್ವರ್ ನಿರ್ವಹಿಸುವ ಪುಟದಲ್ಲಿ) ಮೊದಲೇ ಇದ್ದರೆ ಮಾತ್ರ ಬಳಸಿ.

ಪುಟದಲ್ಲಿ ಸ್ಕ್ರಿಪ್ಟ್ ಇಟ್ಟು ಭೇಟಿ ಎಣಿಸುವ ಸಾಧನಗಳನ್ನು ಈ ಕೆಲಸಕ್ಕೆ ನೆಚ್ಚಬೇಡಿ. ಅವು ಜನರನ್ನು ಎಣಿಸುತ್ತವೆ, ಬೈಟ್‌ಗಳನ್ನಲ್ಲ.

ಒಂದೇ ತಾಣವಿದ್ದರೆ ವಿಎನ್‌ಸ್ಟಾಟ್ ಸಾಕು. ಹಣ ಹಂಚಬೇಕಿದ್ದರೆ ಎರಡನ್ನೂ ಇಡಿ: ಮೊತ್ತ ವಿಎನ್‌ಸ್ಟಾಟ್‌ನಿಂದ, ಪಾಲು ಗೋಆಕ್ಸೆಸ್‌ನಿಂದ.