ವೇವ್, ಸೌಂಡ್‌ಫೈಲ್, ಎಫ್‌ಎಫ್‌ಎಂಪೆಗ್: ತೋಟದ ರೆಕಾರ್ಡಿಂಗ್‌ಗೆ ಯಾವುದು?

ಮೂಡಿಗೆರೆ ಸುತ್ತಿನ ಕಾಫಿ ತೋಟಗಳಲ್ಲಿ ರಾತ್ರಿಯಿಡೀ ರೆಕಾರ್ಡರ್ ಇಟ್ಟು ಕಪ್ಪೆ, ಗೂಬೆಗಳ ಕೂಗು ಹಿಡಿಯುವವರ ಬಳಿ ಮೂರು ಬಗೆಯ ಫೈಲ್ ಸೇರುತ್ತವೆ: ರೆಕಾರ್ಡರಿನ ವಾವ್ (ಸಾಮಾನ್ಯವಾಗಿ ದನಿಯನ್ನು ಕುಗ್ಗಿಸದೆ ಇಡುವ ಫೈಲ್), ಫೋನಿನ ಎಂ4ಎ, ವಾಟ್ಸಾಪ್‌ನ ಓಪಸ್. ಅವನ್ನೇ ಮೂರು ದಾರಿಗಳಲ್ಲಿ ಓದಿಸಿ ನೋಡಿದ್ದೇವೆ: ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬಳಸುವ ವೇವ್ ಮತ್ತು ಸೌಂಡ್‌ಫೈಲ್, ಫೈಲ್‌ಗಳನ್ನು ಒಂದು ರೂಪದಿಂದ ಇನ್ನೊಂದಕ್ಕೆ ತಿರುಗಿಸುವ ಎಫ್‌ಎಫ್‌ಎಂಪೆಗ್. ಎರರ್ ಕೊಟ್ಟು ನಿಂತರೆ ತೊಂದರೆಯಿಲ್ಲ, ಸುಮ್ಮನೆ ತಪ್ಪು ಅಂಕಿ ಕೊಟ್ಟರೆ ಇಡೀ ರಾತ್ರಿಯ ಮಾಹಿತಿ ಕೆಡುತ್ತದೆ.

ಪೈಥಾನ್ ಜೊತೆಗೇ ಬರುವ ವೇವ್ ಮಾಡ್ಯೂಲ್ ವಾವ್ ಬಿಟ್ಟು ಬೇರೇನನ್ನೂ ಓದದು. ಫ್ಲೋಟ್ ವಾವ್ (ದನಿಯ ಮಾದರಿಗಳನ್ನು ದಶಮಾಂಶ ಅಂಕಿಗಳಾಗಿ ಇಡುವ ಫೈಲ್) ಕೊಟ್ಟರೆ 'ಅಪರಿಚಿತ ಫಾರ್ಮ್ಯಾಟ್ 3' ಎನ್ನುತ್ತದೆ. ಎಕ್ಸ್‌ಟೆನ್ಸಿಬಲ್ ಹೆಡರ್ (ಫೈಲಿನ ಮೊದಲಲ್ಲಿ ಅದರ ವಿವರ ಬರೆಯುವ ಭಾಗದ ವಿಸ್ತೃತ ರೂಪ) ಇರುವ ಫೈಲ್ ತೆರೆಯಲು ಪೈಥಾನ್ 3.12 ಅಥವಾ ಆಮೇಲಿನದು ಬೇಕು. ಬ್ಯಾಟರಿ ಸತ್ತು ರೆಕಾರ್ಡಿಂಗ್ ಅರ್ಧಕ್ಕೆ ನಿಂತಿದ್ದರೆ ಹೆಡರಿನಲ್ಲಿ ಡೇಟಾ ಗಾತ್ರ ಸೊನ್ನೆಯಾಗಿಯೇ ಉಳಿದಿರಬಹುದು. ಆಗ ವೇವ್ ಅದನ್ನು ಖಾಲಿ ಫೈಲ್ ಎಂದೇ ತಿಳಿಯುತ್ತದೆ.

ಸೌಂಡ್‌ಫೈಲ್ ಒಳಗಿರುವುದು ಲಿಬ್‌ಸೌಂಡ್‌ಫೈಲ್ ಎಂಬ ಲೈಬ್ರರಿ. ಅರ್ಧಕ್ಕೆ ನಿಂತ ಅಂಥ ವಾವ್ ಅನ್ನು ಅದು ಗುರುತಿಸಿ, ಫೈಲಿನ ನಿಜವಾದ ಉದ್ದದಿಂದ ಲೆಕ್ಕ ಸರಿಪಡಿಸಿಕೊಳ್ಳುತ್ತದೆ. ಇದೊಂದಕ್ಕೇ ಅದನ್ನು ಆರಿಸಬಹುದು. ಎಂಪಿ3 ಬೇಕಾದರೆ ಲಿಬ್‌ಸೌಂಡ್‌ಫೈಲ್‌ನ 2022ರ 1.1.0 ಅಥವಾ ಆಮೇಲಿನ ಆವೃತ್ತಿ ಇರಲಿ. ಹಳೆಯದಿದ್ದರೆ ಒಂದೇ ಪ್ರೋಗ್ರಾಂ ಒಂದು ಕಂಪ್ಯೂಟರಿನಲ್ಲಿ ಓಡಿ ಇನ್ನೊಂದರಲ್ಲಿ ಬೀಳುತ್ತದೆ. ಎಂ4ಎ ಮಾತ್ರ ಓದುವುದೇ ಇಲ್ಲ. ಇದರ ಕಳ್ಳ ದೋಷ ಬೇರೆ ಕಡೆ ಇದೆ. ಫ್ಲೋಟ್ ಫೈಲನ್ನು ಇಂಟ್16 (16 ಬಿಟ್ ಪೂರ್ಣಾಂಕ) ಎಂದು ಓದಿಸಿದರೆ ಸ್ಕೇಲ್ ಮಾಡುವುದಿಲ್ಲ. ಮಾದರಿಗಳೆಲ್ಲ -1ರಿಂದ 1ರ ಒಳಗಿರುವುದರಿಂದ ಬಹುತೇಕ ಸೊನ್ನೆಯೇ ಕೈಗೆ ಬರುತ್ತದೆ, ಎರರ್ ಬರುವುದಿಲ್ಲ. ಯಾವಾಗಲೂ ಫ್ಲೋಟ್32 ಎಂದೇ ಓದಿ, ಬೇಕಿದ್ದರೆ ನೀವೇ 32767ರಿಂದ ಗುಣಿಸಿ.

ಎಫ್‌ಎಫ್‌ಎಂಪೆಗ್ ಮೂರು ಬಗೆಯ ಫೈಲನ್ನೂ ತೆರೆಯುತ್ತದೆ. ಆದರೆ 24 ಬಿಟ್ ವಾವ್ ಕೊಟ್ಟು, ಕೋಡೆಕ್ (ದನಿಯನ್ನು ಬರೆಯುವ ವಿಧಾನ) ಹೇಳದೆ ಇನ್ನೊಂದು ವಾವ್ ಕೇಳಿದರೆ 16 ಬಿಟ್‌ಗೆ ಇಳಿಸಿಬಿಡುತ್ತದೆ. ದೂರದ ಗೂಬೆಯ ಸಣ್ಣ ದನಿ ಇರುವುದೇ ಆ ಕೆಳಗಿನ ಬಿಟ್‌ಗಳಲ್ಲಿ, ಆಮೇಲೆ ಗೇನ್ ಏರಿಸಿದರೂ ಅದು ಮರಳಿ ಬಾರದು. ಪಿಸಿಎಂ 24 ಬಿಟ್ ಕೋಡೆಕ್ ಎಂದು ಬರೆದೇ ಕೊಡಬೇಕು. ಸೌಂಡ್‌ಫೈಲ್ ಕೂಡ ಸಬ್‌ಟೈಪ್ (ಮಾದರಿಗಳ ಬಗೆ) ಹೇಳದಿದ್ದರೆ 16 ಬಿಟ್‌ನಲ್ಲೇ ಬರೆಯುತ್ತದೆ. ಓಪಸ್ ಅನ್ನು ಎಫ್‌ಎಫ್‌ಎಂಪೆಗ್ 48 ಕಿಲೋಹರ್ಟ್ಸ್‌ನಲ್ಲಿ ಬಿಚ್ಚುತ್ತದೆ. ದರ ದೊಡ್ಡದಿದೆ ಎಂದ ಮಾತ್ರಕ್ಕೆ ಮೇಲಿನ ಆವರ್ತನಗಳಲ್ಲಿ ದನಿ ಇದೆ ಎಂದುಕೊಳ್ಳಬೇಡಿ.

ಉದ್ದದ ಸಮಸ್ಯೆ ಮೂರು ಸಾಧನಗಳಿಗೂ ಇದೆ, ಏಕೆಂದರೆ ವಾವ್‌ನಲ್ಲಿ ಗಾತ್ರ ಬರೆಯುವ ಜಾಗ 32 ಬಿಟ್ ಮಾತ್ರ, ಮಿತಿ 4 ಜಿಬಿ. 48 ಕಿಲೋಹರ್ಟ್ಸ್, 16 ಬಿಟ್ ಸ್ಟೀರಿಯೋ ಸೆಕೆಂಡಿಗೆ 1,92,000 ಬೈಟ್ ತಿನ್ನುತ್ತದೆ. 6 ಗಂಟೆ 12 ನಿಮಿಷಕ್ಕೆ ಜಾಗ ಮುಗಿಯುತ್ತದೆ. ಸಂಜೆ ಆರರಿಂದ ಬೆಳಗಿನ ಆರರವರೆಗಿನ ರಾತ್ರಿ ಅದರಲ್ಲಿ ಹಿಡಿಯದು, ಮೋನೋ ಆದರೆ ಕಷ್ಟಪಟ್ಟು ಹಿಡಿಯುತ್ತದೆ. ತುಂಡುಗಳನ್ನು ಎಫ್‌ಎಫ್‌ಎಂಪೆಗ್‌ನಲ್ಲಿ ಜೋಡಿಸುವಾಗ ಆರ್‌ಎಫ್64 (4 ಜಿಬಿ ಮೀರಿದ ವಾವ್‌ಗಾಗಿ ಇರುವ ರೂಪ) ಆಯ್ಕೆಯನ್ನು 'ಆಟೋ' ಮಾಡಿ, ತಾನಾಗಿ ಅದು ಆಫ್ ಇರುತ್ತದೆ. ಆ ಫೈಲನ್ನು ಸೌಂಡ್‌ಫೈಲ್ ಓದುತ್ತದೆ. ವೇವ್ ಮಾಡ್ಯೂಲ್ ಫೈಲಿನ ಆರಂಭದಲ್ಲಿ ವಾವ್‌ನ ರಿಫ್ ಗುರುತಿಲ್ಲ ಎಂದು ಕೈಬಿಡುತ್ತದೆ.

ನಮ್ಮ ಆಯ್ಕೆ: ಎಂ4ಎ, ಓಪಸ್ ಎರಡನ್ನೂ ಎಫ್‌ಎಫ್‌ಎಂಪೆಗ್‌ನಿಂದ ಒಮ್ಮೆ ಫ್ಲ್ಯಾಕ್‌ಗೆ (ನಷ್ಟವಿಲ್ಲದೆ ಕುಗ್ಗಿಸುವ ರೂಪ) ತಿರುಗಿಸಿ, ಮುಂದಿನ ವಿಶ್ಲೇಷಣೆಯೆಲ್ಲ ಸೌಂಡ್‌ಫೈಲ್‌ನಲ್ಲಿ. ಎಂಪಿ3ಯನ್ನು ಸಮಯ ಅಳೆಯಲು ಬಳಸಬೇಡಿ. ಲೇಮ್ ಟ್ಯಾಗ್ (ಎಂಪಿ3 ಮಾಡುವಾಗ ಸೇರಿದ ತಡವನ್ನು ಬರೆದಿಡುವ ಗುರುತು) ಕಳೆದುಹೋದ ಫೈಲ್ 44.1 ಕಿಲೋಹರ್ಟ್ಸ್‌ನಲ್ಲಿ ಸುಮಾರು 25 ಮಿಲಿಸೆಕೆಂಡ್ ತಡವಾಗಿ ಶುರುವಾಗುತ್ತದೆ, ಎರಡು ರೆಕಾರ್ಡರುಗಳ ನಡುವೆ ಕಪ್ಪೆ ಎಲ್ಲಿ ಕೂತಿದೆ ಎಂದು ಲೆಕ್ಕ ಹಾಕುವವರಿಗೆ ಅದು ಎಂಟು ಮೀಟರಿನಷ್ಟು ವ್ಯತ್ಯಾಸ.