ಬಾಲ್ಸಾ, ಥರ್ಮೋಕೋಲ್, ಫೋಮ್ ಬೋರ್ಡ್: ಒಂದೇ ಟ್ರೇನರ್‌ಗೆ ಮೂರು ರೆಕ್ಕೆ

ಟ್ರೇನರ್ ಅಂದರೆ ರಿಮೋಟ್ ಹಿಡಿದು ಹಾರಿಸಲು ಕಲಿಯುವವರ ಮಾದರಿ ವಿಮಾನ. ಅದರ ರೆಕ್ಕೆಯನ್ನು ರಬ್ಬರ್ ಬ್ಯಾಂಡ್ ಹಾಕಿ ಕಟ್ಟುವುದು ಹಳೆಯ ಪದ್ಧತಿ. ನೆಲಕ್ಕೆ ಬಡಿದಾಗ ರೆಕ್ಕೆ ಮುರಿಯುವ ಬದಲು ಕಳಚಿಕೊಂಡು ಪಕ್ಕಕ್ಕೆ ಬೀಳಲಿ ಎಂಬುದು ಅದರ ಉದ್ದೇಶ. ನನಗೆ ಅದರಿಂದ ಇನ್ನೊಂದು ಉಪಯೋಗವಾಯಿತು: ಬಾಡಿ, ಬಾಲ, ಮೋಟರ್ ಎಲ್ಲ ಹಾಗೇ ಇಟ್ಟುಕೊಂಡು ರೆಕ್ಕೆಯನ್ನಷ್ಟೇ ಬದಲಿಸಿ ನೋಡಬಹುದು. ಕಿಟ್ ಜೊತೆ ಬಂದ ಬಾಲ್ಸಾ ಎಂಬ ಹಗುರ ಮರದ ರೆಕ್ಕೆ ಒಂದು. ಅದೇ ಅಳತೆಗೆ ಥರ್ಮೋಕೋಲ್ ಕತ್ತರಿಸಿ ಮಾಡಿದ್ದು ಇನ್ನೊಂದು. ಎರಡೂ ಬದಿಗೆ ಕಾಗದ ಅಂಟಿದ ಫೋಮ್ ಹಾಳೆಯನ್ನು, ಅಂದರೆ ಫೋಮ್ ಬೋರ್ಡನ್ನು, ಮಡಚಿ ಮಾಡಿದ್ದು ಮತ್ತೊಂದು.

ಮೂರೂ ತುದಿಯಿಂದ ತುದಿಗೆ 120 ಸೆಂ.ಮೀ., ಮುಂದಿನ ಅಂಚಿನಿಂದ ಹಿಂದಿನ ಅಂಚಿಗೆ 20 ಸೆಂ.ಮೀ. ಡೈಹೆಡ್ರಲ್, ಅಂದರೆ ರೆಕ್ಕೆಯ ತುದಿಗಳು ಮೇಲಕ್ಕೆದ್ದಿರುವ ಕೋನ, ಕೂಡ ಒಂದೇ: ಒಂದು ಬದಿಯನ್ನು ಮೇಜಿಗೆ ಒತ್ತಿದರೆ ಇನ್ನೊಂದು ತುದಿ 6 ಸೆಂ.ಮೀ. ಮೇಲೇಳುತ್ತದೆ. ರೆಕ್ಕೆಯನ್ನು ಅಡ್ಡ ಕತ್ತರಿಸಿದರೆ ಕಾಣುವ ಆಕಾರ ಕ್ಲಾರ್ಕ್ ವೈ, ಫೋಮ್ ಬೋರ್ಡಿನಲ್ಲಿ ಮಾತ್ರ ಅದರ ಸ್ಥೂಲ ಅನುಕರಣೆ. ವರ್ಜೀನಿಯಸ್ ಕ್ಲಾರ್ಕ್ 1922ರಲ್ಲಿ ರೂಪಿಸಿದ ಈ ಆಕಾರವೇ 1927ರಲ್ಲಿ ಲಿಂಡ್‌ಬರ್ಗ್ ಅಟ್ಲಾಂಟಿಕ್ ದಾಟಿದ ವಿಮಾನದ ರೆಕ್ಕೆಯಲ್ಲೂ ಇತ್ತು. ನಮಗೆ ಮುಖ್ಯವಾದದ್ದು ಅದರ ತಳ: ಮುಂದಿನ ಮೂರನೇ ಒಂದು ಭಾಗ ಬಿಟ್ಟರೆ ಉಳಿದದ್ದು ಚಪ್ಪಟೆ. ಮೇಜಿನ ಮೇಲಿಟ್ಟು ಕಟ್ಟಲು ಇದಕ್ಕಿಂತ ಸಲೀಸಾದದ್ದಿಲ್ಲ.

ಎಲ್ಲರೂ ಮೊದಲು ಕೇಳುವುದು ತೂಕ, ಅದನ್ನು ಹೇಳಿಬಿಡುತ್ತೇನೆ. ಬಾಲ್ಸಾದ್ದು ಸುಮಾರು 140 ಗ್ರಾಂ, ಥರ್ಮೋಕೋಲಿನದು 200ರ ಆಸುಪಾಸು, ಫೋಮ್ ಬೋರ್ಡಿನದು 230. ಇಡೀ ವಿಮಾನ 850ರಿಂದ 940 ಗ್ರಾಂ. ವಿಮಾನ ತೀರ ನಿಧಾನವಾದಾಗ ರೆಕ್ಕೆ ಎತ್ತುವ ಬಲ ಕಳೆದುಕೊಳ್ಳುವುದೇ ಸ್ಟಾಲ್. 90 ಗ್ರಾಂ ಹೆಚ್ಚಾದರೆ ಆ ಸ್ಟಾಲ್ ವೇಗ ಏರುವುದು ಶೇ. 5ರಷ್ಟು ಮಾತ್ರ. ಕಲಿಯುವವರ ಬೆರಳಿಗೆ ಅದು ಗೊತ್ತೇ ಆಗುವುದಿಲ್ಲ. ಗೊತ್ತಾಗುವುದು ತಿರುಚು.

ರೆಕ್ಕೆಯ ಎಡತುದಿಯ ಹಿಂದಿನ ಅಂಚು ಬಲತುದಿಗಿಂತ ಮೂರೂವರೆ ಮಿ.ಮೀ. ಕೆಳಗಿದ್ದರೆ ಒಂದು ಡಿಗ್ರಿ ವ್ಯತ್ಯಾಸ ಬಂದಂತೆ. ವಿಮಾನ ಒಂದೇ ಸಮನೆ ಬಲಕ್ಕೆ ವಾಲುತ್ತದೆ. ಟ್ರಿಮ್ ಕೊಟ್ಟು, ಅಂದರೆ ರಿಮೋಟಿನಲ್ಲೇ ಕೊಂಚ ಎದುರು ತಿದ್ದುಪಡಿ ಹಾಕಿಟ್ಟು, ಅದನ್ನು ಮುಚ್ಚಬಹುದು ನಿಜ. ಆದರೆ ಇಳಿಸುವಾಗ ವೇಗ ಬಿದ್ದಂತೆ, ಹೆಚ್ಚು ಕೋನದಲ್ಲಿರುವ ಆ ಎಡಬದಿಯೇ ಮೊದಲು ಸ್ಟಾಲ್ ಆಗಿ ವಿಮಾನ ಆ ಕಡೆಗೆ ಮಗುಚುತ್ತದೆ. ಹಾಗಾಗದಿರಲಿ ಅಂತಲೇ ಎರಡೂ ತುದಿಗಳ ಹಿಂದಿನ ಅಂಚನ್ನು ಸಮವಾಗಿ ಎರಡು ಡಿಗ್ರಿ ಮೇಲೆತ್ತಿ ಕಟ್ಟುತ್ತಾರೆ, ಅದೇ ವಾಶ್‌ಔಟ್. ನಮ್ಮ ಅಳತೆಯಲ್ಲಿ ಅದು 7 ಮಿ.ಮೀ. ಆ 7 ಮಿ.ಮೀ. ಎರಡೂ ಬದಿಗೆ ಒಂದೇ ರೀತಿ ಬರಿಸುವುದು ಯಾವ ರೆಕ್ಕೆಯಲ್ಲಿ ಸುಲಭ? ನನ್ನ ಹೋಲಿಕೆಯೆಲ್ಲ ಈ ಪ್ರಶ್ನೆಯ ಸುತ್ತಲೇ.

ಬಾಲ್ಸಾ ಕಟ್ಟುವ ಸುಖಕ್ಕೆ ಬೇರೆ ಸಾಟಿಯಿಲ್ಲ, ಇದನ್ನು ಒಪ್ಪಿಕೊಂಡೇ ಮುಂದಕ್ಕೆ ಹೋಗಬೇಕು. ನೋಟಿಸ್ ಬೋರ್ಡಿಗೆ ಬಳಸುವ ಸಾಫ್ಟ್ ಬೋರ್ಡ್ ಮೇಲೆ ಪ್ಲಾನ್ ಹಾಸಿ, ಅಂಟು ಹಿಡಿಯದಂತೆ ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ ಹರಡಿ, ಗುಂಡುಸೂಜಿ ಚುಚ್ಚುತ್ತ ರಿಬ್‌ಗಳನ್ನು, ಅಂದರೆ ರೆಕ್ಕೆಗೆ ಆಕಾರ ಕೊಡುವ ಪಕ್ಕೆಲುಬುಗಳನ್ನು, ಒಂದೊಂದಾಗಿ ನಿಲ್ಲಿಸುವುದು. ಮೇಲೊಂದು ಕೆಳಗೊಂದು ಸ್ಪಾರ್ (ರೆಕ್ಕೆಯುದ್ದಕ್ಕೂ ಸಾಗುವ ತೊಲೆ), ಅವೆರಡರ ನಡುವೆ ಮರದ ಎಳೆ ಲಂಬವಾಗಿ ಬರುವಂತೆ ಶಿಯರ್ ವೆಬ್ (ಎರಡನ್ನೂ ಬೆಸೆಯುವ ತೆಳು ಹಲಗೆ), ಮುಂಭಾಗಕ್ಕೆ ತೆಳು ಬಾಲ್ಸಾ ಹಾಳೆಯ ಹೊದಿಕೆ. ಈ ಹೊದಿಕೆ ಅಂಟುವವರೆಗೆ ರೆಕ್ಕೆಯನ್ನು ಹೇಗೆ ಬೇಕಾದರೂ ತಿರುಚಬಹುದು. ಅಂಟಿದ ಮೇಲೆ ಮುಂಭಾಗ ಮುಚ್ಚಿದ ಕೊಳವೆಯಂತಾಗಿ ಬಿಗಿದುಕೊಳ್ಳುತ್ತದೆ. ಹಾಗಾಗಿ 7 ಮಿ.ಮೀ. ಪಟ್ಟಿಯನ್ನು ತುದಿಯ ಹಿಂದಿನ ಅಂಚಿನ ಕೆಳಗೆ ತೂರಿಸುವುದು ಹೊದಿಕೆಗೆ ಮೊದಲು. ಪೂರ್ತಿ ಒಣಗುವ ತನಕ ಸೂಜಿ ಕೀಳಬಾರದು.

ಆಮೇಲೆ ಬರುವುದು ಕವರಿಂಗ್ ಫಿಲ್ಮ್, ಇಡೀ ರೆಕ್ಕೆಗೆ ಹೊದಿಸುವ ತೆಳು ಪ್ಲಾಸ್ಟಿಕ್. ಇಸ್ತ್ರಿ ಪೆಟ್ಟಿಗೆಯ ಶಾಖಕ್ಕೆ ಅದು ಕುಗ್ಗುತ್ತದೆ, ಕುಗ್ಗುವಾಗ ರೆಕ್ಕೆಯನ್ನೂ ಎಳೆಯುತ್ತದೆ. ಮೇಲ್ಭಾಗವನ್ನು ಮೊದಲು ಪೂರ್ತಿ ಬಿಗಿದರೆ ರೆಕ್ಕೆ ಬಾಗಿತೆಂದೇ ಲೆಕ್ಕ. ಒಳ್ಳೆಯ ಸಂಗತಿಯೂ ಇದರಲ್ಲೇ ಇದೆ: ರೆಕ್ಕೆಯನ್ನು ಬೇಕಾದ ಕಡೆಗೆ ತಿರುಚಿ ಹಿಡಿದು ಮತ್ತೆ ಇಸ್ತ್ರಿ ಆಡಿಸಿದರೆ ತಪ್ಪು ತಿರುಚು ಹೋಗುತ್ತದೆ. ಆದರೆ ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಟ್ಟರೆ ಫಿಲ್ಮ್ ಸಡಿಲವಾಗಿ ತಿರುಚು ಮರಳಿ ಬರಬಹುದು. ಬಾಲ್ಸಾ ರೆಕ್ಕೆ ಇಟ್ಟುಕೊಂಡವರು ಪ್ರತಿ ಸಲ ಹಾರಿಸುವ ಮೊದಲು ಅದನ್ನು ಹಿಂದಿನಿಂದ ಕಣ್ಣಿಟ್ಟು ನೋಡಲೇಬೇಕು.

ಥರ್ಮೋಕೋಲನ್ನು ನಾನು ತೀರ ಸದರವಾಗಿ ಕಂಡಿದ್ದೆ. ಈಗ ಹಾಗಿಲ್ಲ. ಪ್ಯಾಕಿಂಗಿಗೆ ಬರುವ ದಪ್ಪ ಕಾಳಿನದು ಬೇಡ; ಛಾವಣಿಯ ಇನ್ಸುಲೇಶನ್‌ಗೆ ಮಾರುವವರ ಹತ್ತಿರ 16 ಕೆ.ಜಿ. ಡೆನ್ಸಿಟಿಯದು ಕೇಳಿ. ಅಂದರೆ ಘನ ಮೀಟರಿಗೆ 16 ಕೆ.ಜಿ. ಈ ರೆಕ್ಕೆಯ ತಿರುಳು ಅದರಲ್ಲಿ 60 ಗ್ರಾಂ ಮಾತ್ರ ತೂಗುತ್ತದೆ. ಮಿಕ್ಕಿದ್ದೆಲ್ಲ ಕಾಗದ, ಅಂಟು, ಸ್ಪಾರ್. ಕತ್ತರಿಸಲು ಮರದ ಬಿಲ್ಲಿಗೆ ಬಿಗಿದ, ಕರೆಂಟ್ ಹರಿದರೆ ಕಾಯುವ ನೈಕ್ರೋಮ್ ತಂತಿ ಮತ್ತು 12 ವೋಲ್ಟಿನ ಸಪ್ಲೈ ಸಾಕು. ಬೆಂಗಳೂರಿನವರಾದರೆ ಎಸ್.ಪಿ. ರಸ್ತೆಯಲ್ಲಿ ಎರಡನ್ನೂ ಹುಡುಕಬಹುದು. ತುಂಡಿನ ಎರಡೂ ಕೊನೆಗೆ ಸನ್‌ಮೈಕಾದಲ್ಲಿ ಕತ್ತರಿಸಿದ ಟೆಂಪ್ಲೇಟ್ ಅಂಟಿಸಿ, ಅದರ ಮೇಲೆ 1, 2, 3 ಎಂದು ಗುರುತು ಹಾಕಿ, ಇಬ್ಬರು ಸಂಖ್ಯೆ ಕೂಗುತ್ತ ಸಮನಾಗಿ ಎಳೆಯಬೇಕು. ತಂತಿ ಒಂದೆಡೆ ತಡೆದು ನಿಂತರೆ ಅಲ್ಲೊಂದು ಕಾಲುವೆ ಬೀಳುತ್ತದೆ. ಹೊಗೆ ಒಳ್ಳೆಯದಲ್ಲ, ಕಿಟಕಿ ತೆರೆದಿಡಿ.

ಇಲ್ಲಿ ವಾಶ್‌ಔಟ್ ಬರಿಸಲು ಪಟ್ಟಿಯೂ ಬೇಡ, ಸೂಜಿಯೂ ಬೇಡ. ತುದಿಯ ಟೆಂಪ್ಲೇಟನ್ನು ಎರಡು ಡಿಗ್ರಿ ತಿರುಗಿಸಿ ಅಂಟಿಸಿದರೆ ಮುಗಿಯಿತು. ಎಡಕ್ಕೂ ಬಲಕ್ಕೂ ಅದೇ ಟೆಂಪ್ಲೇಟ್, ಆದ್ದರಿಂದ ವ್ಯತ್ಯಾಸ ನುಸುಳಲು ಜಾಗವೇ ಕಡಿಮೆ. ಹೊದಿಕೆಗೆ ನಾನು ಬಳಸಿದ್ದು ಶಾಲೆಯ ಪುಸ್ತಕಕ್ಕೆ ಬೈಂಡ್ ಹಾಕುವ ಕಂದು ಕಾಗದ ಮತ್ತು ನೀರು ಬೆರೆಸಿದ ಫೆವಿಕಾಲ್. ಒದ್ದೆ ಕಾಗದ ಒಣಗುವಾಗ ಬಿಗಿಯುತ್ತದೆ. ಹಾಗಾಗಿ ಮೇಲೂ ಕೆಳಗೂ ಒಂದೇ ಸಲಕ್ಕೆ ಅಂಟಿಸಿ, ಕತ್ತರಿಸಿ ಉಳಿದ ಥರ್ಮೋಕೋಲ್ ಚಿಪ್ಪುಗಳ ನಡುವೆಯೇ ರೆಕ್ಕೆಯನ್ನಿಟ್ಟು ಭಾರ ಹೇರಬೇಕು, ನಡುವೆ ಪ್ಲಾಸ್ಟಿಕ್ ಹಾಳೆ ಮರೆಯದೆ. ಮಳೆಗಾಲದಲ್ಲಿ ಇದು ಒಣಗುವುದನ್ನು ಕಾಯುವುದೊಂದು ಶಿಕ್ಷೆ. ಫೆವಿಕ್ವಿಕ್ಕನ್ನು ಮಾತ್ರ ಹತ್ತಿರ ತರಬೇಡಿ, ಥರ್ಮೋಕೋಲನ್ನು ಕರಗಿಸಿ ತಿನ್ನುತ್ತದೆ.

ಫೋಮ್ ಬೋರ್ಡ್ ಬಗ್ಗೆ ಹೇಳುವುದು ಹೆಚ್ಚಿಲ್ಲ. 5 ಮಿ.ಮೀ. ಹಾಳೆ, ಕಟರ್, ಸ್ಕೇಲ್, ಗ್ಲೂ ಗನ್ ಇದ್ದರೆ ಒಂದೇ ಸಂಜೆಯಲ್ಲಿ ಮುಗಿಯುತ್ತದೆ. ಮುಂದಿನ ಅಂಚಿನ ಒಳಗಡೆಯ ಕಾಗದ ಸುಲಿದು, ಫೋಮಿಗೆ ಗೆರೆ ಒತ್ತಿ, ಸ್ಪಾರ್ ಪಟ್ಟಿಯ ಮೇಲೆ ಮಡಚುವುದು. ಸಿಗುವುದು ಕ್ಲಾರ್ಕ್ ವೈ ಅಲ್ಲ, ಅದರ ದೂರದ ನೆಂಟ. ಆದರೂ ಚೆನ್ನಾಗಿಯೇ ಹಾರುತ್ತದೆ. ಸಮಸ್ಯೆ ಇರುವುದು ಹಿಂದಿನ ಅಂಚು ಅಂಟಿಸುವ ಆ ಅರೆನಿಮಿಷದಲ್ಲಿ: ಬಿಸಿ ಅಂಟು ಗಟ್ಟಿಯಾಗುವಾಗ ಕೈ ಯಾವ ಕೋನದಲ್ಲಿತ್ತೋ ಅದೇ ಕಾಯಂ. ಚಪ್ಪಟೆ ಮೇಜು, ಪಟ್ಟಿ, ಉದ್ದ ಸ್ಕೇಲಿನ ಭಾರ ಎಲ್ಲ ಮೊದಲೇ ಸಿದ್ಧವಿರಬೇಕು. ಕಾಗದದ ಅಂಚು ಒದ್ದೆಯಾದರೆ ಬಿಟ್ಟುಕೊಳ್ಳುತ್ತದೆ, ಸುತ್ತ ಪ್ಯಾಕಿಂಗ್ ಟೇಪ್ ಹಾಕಿಬಿಡಿ.

ಗಾಳಿಗೆ ಬಂದರೆ, ಬೆಳಗಿನ ನಿಶ್ಚಲ ಹವೆಯಲ್ಲಿ ಬಾಲ್ಸಾ ತೇಲುವ ಚೆಂದವೇ ಬೇರೆ. ಜೂನ್ ನಂತರದ ಪಡುವಣ ಗಾಳಿಯಲ್ಲಿ ಅದೇ ಹಗುರತನ ಕಾಟ ಕೊಡುತ್ತದೆ. ಥರ್ಮೋಕೋಲ್ ನೆಟ್ಟಗೆ ನುಗ್ಗುತ್ತದೆ. ಬೇಕೆಂದೇ ಸ್ಟಾಲ್ ಮಾಡಿಸಲು ಥ್ರಾಟಲ್ (ಮೋಟರಿನ ವೇಗ) ಇಳಿಸಿ ಎಲಿವೇಟರ್ (ಮೂಗು ಎತ್ತಿಸುವ ಬಾಲದ ಪಟ್ಟಿ) ಎಳೆದು ಹಿಡಿದಾಗ ಮೂಗು ಸುಮ್ಮನೆ ಕೆಳಗಾಗಿ ಎರಡೂ ರೆಕ್ಕೆ ಸಮವಾಗಿ ಉಳಿದದ್ದೂ ಅದರಲ್ಲೇ. ಫೋಮ್ ಬೋರ್ಡ್ ಕೊಂಚ ಎಡಕ್ಕೆ ವಾಲಿತು, ಬಾಲ್ಸಾ ಇಸ್ತ್ರಿ ಚೆನ್ನಾಗಿ ಬಿದ್ದ ದಿನ ಸಮ, ಇಲ್ಲದ ದಿನ ಇಲ್ಲ.

ಬಿದ್ದಾಗ ಕಥೆ ತಿರುಗುಮುರುಗು. ಫೋಮ್ ಬೋರ್ಡನ್ನು ಮೈದಾನದಲ್ಲೇ ಅಂಟಿಸಿ ಮತ್ತೆ ಹಾರಿಸಬಹುದು. ಬಾಲ್ಸಾದಲ್ಲಿ ಫಿಲ್ಮ್ ಬಿಚ್ಚಿ ಮುರಿದ ರಿಬ್ ಬದಲಿಸಬೇಕು, ಒಂದು ಸಂಜೆಯ ಕೆಲಸ. ಥರ್ಮೋಕೋಲ್ ನಡುವೆ ಮುರಿದರೆ ಅರಾಲ್ಡೈಟ್ ಹಾಕಿ ರಾತ್ರಿಯಿಡೀ ಬಿಡಬೇಕು. ಅದಕ್ಕೇ ಮೊದಲ ಸಲ ಸ್ಟಿಕ್ ಹಿಡಿಯುವವರು ನನ್ನನ್ನು ಕೇಳಿದರೆ ಫೋಮ್ ಬೋರ್ಡ್ ಎನ್ನುತ್ತೇನೆ, ಒಂದಲ್ಲ, ಎರಡು ಮಾಡಿಟ್ಟುಕೊಳ್ಳಿ ಎನ್ನುತ್ತೇನೆ. ಸುತ್ತು ಹಾಕಿ ಇಳಿಸಲು ಬಂದ ಮೇಲೆ ಥರ್ಮೋಕೋಲಿನದಕ್ಕೆ ಬದಲಿಸಿ. ಕಿಟ್‌ನ ಬಾಲ್ಸಾ ಪೆಟ್ಟಿಗೆಯಲ್ಲೇ ಇರಲಿ, ಕೆಡುವುದಿಲ್ಲ. ಅದನ್ನು ಯಾವಾಗ ಬೇಕಾದರೂ ಕಟ್ಟಬಹುದು.