ಒಶಿಬಾನಾಕ್ಕೆ ಹೂವು ಒಣಗಿಸಲು ಯಾವುದು ಮೇಲು: ದಿನಪತ್ರಿಕೆ, ಮೈಕ್ರೋವೇವ್ ಪ್ರೆಸ್, ತೇವ ಹೀರುವ ಹಾಳೆ

ಒತ್ತಿ ಒಣಗಿಸಿದ ಹೂವು, ಎಲೆ, ತೊಗಟೆಗಳಿಂದಲೇ ಚಿತ್ರ ಕಟ್ಟುವ ಜಪಾನೀ ಕಲೆಯಾದ ಒಶಿಬಾನಾವನ್ನು ನಾನು ಯೊಕೊಹಾಮಾದ ನಮ್ಮ ಮನೆಯಲ್ಲಿ ಅಭ್ಯಾಸ ಮಾಡುತ್ತಿದ್ದೇನೆ. ಹೂವು ಒಣಗಿಸುವ ಮೂರು ವಿಧಾನಗಳನ್ನೂ ಎರಡು ವರ್ಷ ಬಳಸಿ ನೋಡಿದ ಮೇಲೆ ತೇವ ಹೀರುವ ಹಾಳೆಯನ್ನೇ ಮೆಚ್ಚಿಕೊಂಡಿದ್ದೇನೆ. ಆದರೆ ಅದಕ್ಕೂ ಮೊದಲು, ಹೂವನ್ನು ಒತ್ತಿಹಿಡಿದು ಮೈಕ್ರೋವೇವ್ ಒಲೆಯಲ್ಲಿಡುವ ಮೈಕ್ರೋವೇವ್ ಪ್ರೆಸ್‌ಗೆ ಮೂರು ಸಾವಿರ ಯೆನ್ ಕೊಟ್ಟು, ಒಂದಿಡೀ ಋತುವಿನ ಹೂವುಗಳನ್ನು ಕಳೆದುಕೊಂಡಿದ್ದೆ.

ಈ ಕಲೆಯಲ್ಲಿ ಕುಂಚವಿಲ್ಲ, ಬಣ್ಣದ ಡಬ್ಬಿಯೂ ಇಲ್ಲ. ವಾಶಿ ಎಂಬ ಜಪಾನೀ ಕಾಗದದ ಮೇಲೆ ಆಕಾಶ ಬೇಕಾದರೆ ನೀಲಿ ದಳವನ್ನೇ ಹುಡುಕಬೇಕು. ಆದ್ದರಿಂದ ಒಣಗುವ ಕೆಲವು ದಿನಗಳಲ್ಲಿ ಹೂವು ಎಷ್ಟು ಬಣ್ಣ ಉಳಿಸಿಕೊಳ್ಳುತ್ತದೆಯೋ ಅಷ್ಟೇ ನಮ್ಮ ಕೈಗೆ ಸಿಗುವ ಬಣ್ಣ. ನೀರಿನಂಶ ನಿಧಾನವಾಗಿ ಹೋದಷ್ಟೂ ದಳದೊಳಗಿನ ಕಿಣ್ವಗಳಿಗೆ ಕೆಲಸ ಮಾಡಲು ಸಮಯ ಸಿಗುತ್ತದೆ, ಹೂವು ಕಂದಾಗುತ್ತದೆ. ಮೂರು ವಿಧಾನಗಳನ್ನೂ ನಾನು ತೂಗಿ ನೋಡಿದ್ದು ಈ ಒಂದು ಅಳತೆಯಿಂದಲೇ.

ತಾಯಂದಿರ ದಿನಕ್ಕೆ ಹೈಡ್ರೇಂಜಿಯಾ ಕುಂಡವನ್ನು ಉಡುಗೊರೆ ಕೊಡುವ ರೂಢಿ ಇಲ್ಲಿದೆ. ನನಗೂ ಒಂದು ನೀಲಿ ಕುಂಡ ಬಂದಿತ್ತು. (ಕಾಮಾಕುರಾದ ದೇಗುಲಗಳಲ್ಲಿ ಇದೇ ಹೂವು ಬೇಕಾದಷ್ಟು ಅರಳುತ್ತದೆ, ಆದರೆ ಅಲ್ಲಿ ಒಂದು ಎಸಳನ್ನೂ ಕೀಳಬಾರದು.) ಹೈಡ್ರೇಂಜಿಯಾದಲ್ಲಿ ನಾವು ದಳವೆಂದು ನೋಡುವುದು ನಿಜವಾಗಿ ಪುಷ್ಪಪತ್ರ, ಅಂದರೆ ಮೊಗ್ಗನ್ನು ಹೊರಗಿನಿಂದ ಮುಚ್ಚುವ ಎಲೆಯಂತಹ ಭಾಗ. ನಿಜವಾದ ಹೂವು ನಡುವೆ ಸಾಸಿವೆ ಕಾಳಿನಷ್ಟು ಗಾತ್ರದ ಗಂಟಿನಂತೆ ಇರುತ್ತದೆ. ಮೈಕ್ರೋವೇವ್‌ನಲ್ಲಿ ಮೂವತ್ತು ಸೆಕೆಂಡು ಇಟ್ಟಾಗ ತೆಳುವಾದ ಅಂಚು ಗರಿಗರಿಯಾಯಿತು, ನಡುವಿನ ಗಂಟಿನಲ್ಲಿ ಮಾತ್ರ ನೀರು ಹಾಗೆಯೇ ಉಳಿಯಿತು. ಇನ್ನೊಂದು ಇಪ್ಪತ್ತು ಸೆಕೆಂಡು ಇಟ್ಟದ್ದಕ್ಕೆ ಗಂಟಿನ ಸುತ್ತ ಚಹಾದ ಕಲೆಯಂತಹ ಕಂದು ವೃತ್ತ ಮೂಡಿತು. ಚೆನ್ನಾಗಿ ಒಣಗಿದಂತೆ ಕಂಡವು ಚಿಮುಟದಲ್ಲಿ ಹಿಡಿದ ಕೂಡಲೇ ಸೀಳಿದವು. ಕುಂಡ ಬರಿದಾಗುವವರೆಗೂ ಸಮಯವನ್ನು ಹೆಚ್ಚುಕಡಿಮೆ ಮಾಡಿ ನೋಡಿದೆ, ಆದರೂ ಚಿತ್ರಕ್ಕೆ ಸಿಕ್ಕವು ಹನ್ನೊಂದೇ ಎಸಳುಗಳು. ಜರೀಗಿಡದ ಎಲೆಗೆ ಈ ಪ್ರೆಸ್ ಸಾಕು.

ದಿನಪತ್ರಿಕೆಯ ವಿಧಾನವನ್ನು ಕೀಳೆಂದು ಹೇಳಲಾರೆ. ಜಪಾನಿನ ಸಸ್ಯಶಾಸ್ತ್ರಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ ಮಕಿನೊ ತೊಮಿತಾರೊ (1862–1957) ಅವರು ಸುಮಾರು 4 ಲಕ್ಷ ಸಸ್ಯ ಮಾದರಿಗಳನ್ನು ಕೂಡಿಸಿದರು. ಅವರು ಹೋದ ನಂತರ, ಮಾದರಿಗಳ ನಡುವೆ ಮಡಚಿಟ್ಟಿದ್ದ ಹಳೆಯ ಪತ್ರಿಕೆಗಳೂ ಚರಿತ್ರೆಯ ದಾಖಲೆಗಳಾಗಿ ಬೆಲೆ ಪಡೆದವು. ಆದರೆ ಸಸ್ಯಶಾಸ್ತ್ರಜ್ಞರಿಗೆ ಮುಖ್ಯವಾದದ್ದು ಆಕಾರ, ನನಗೆ ಬೇಕಾದದ್ದು ಬಣ್ಣ. ಜೂನ್ ಆರಂಭದಿಂದ ಜುಲೈ ನಡುವಿನವರೆಗಿನ ತ್ಸುಯು ಮಳೆಗಾಲದಲ್ಲಿ ಪತ್ರಿಕೆಯೇ ಮೆತ್ತಗಾಗಿರುತ್ತದೆ, ದಿನವೂ ಬದಲಿಸಿದರೂ ಎರಡು ವಾರ ಹಿಡಿಯುತ್ತದೆ, ಅಷ್ಟರಲ್ಲಿ ಬಿಳಿ ಹೂವು ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ಅಕ್ಟೋಬರಿನ ಒಣಹವೆಯಲ್ಲಿ ಕಾಸ್ಮೋಸ್ ಹೂವನ್ನು ಇದೇ ಪತ್ರಿಕೆಯಲ್ಲಿಟ್ಟು ಒಳ್ಳೆಯ ಫಲ ಪಡೆದಿದ್ದೇನೆ.

ತೇವ ಹೀರುವ ಹಾಳೆಯೆಂದರೆ ನೀರಿನಂಶ ಎಳೆದುಕೊಳ್ಳುವ ವಸ್ತುವನ್ನು ಸೇರಿಸಿ ಮಾಡಿದ ದಪ್ಪ ರಟ್ಟು. ಹಾಳೆ, ಸ್ಪಂಜು, ಟಿಶ್ಯೂ ಕಾಗದ, ಹೂವು, ಮತ್ತೆ ಟಿಶ್ಯೂ, ಮತ್ತೆ ಹಾಳೆ ಎಂದು ಪದರವಾಗಿ ಜೋಡಿಸಿ ಜಿಪ್ ಚೀಲದೊಳಗೆ ಹಾಕಿ ಮೇಲೆ ಭಾರ ಇಡಬೇಕು. ಸ್ಪಂಜು ಇರುವುದರಿಂದ ದಪ್ಪ ಗಂಟಿಗೂ ತೆಳು ಅಂಚಿಗೂ ಒತ್ತಡ ಸಮನಾಗಿ ಬೀಳುತ್ತದೆ. ಎರಡನೆಯ ವರ್ಷ ಹೈಡ್ರೇಂಜಿಯಾವನ್ನು ಹೀಗೆ ಇಟ್ಟು ಮೂರನೆಯ ದಿನ ತೆಗೆದಾಗ ನೀಲಿ ನೀಲಿಯಾಗಿಯೇ ಇತ್ತು, ದಳದ ನರಗಳೂ ಕಾಣುತ್ತಿದ್ದವು.

ಆದರೆ ಇದರಲ್ಲೊಂದು ದೊಡ್ಡ ತೊಡಕಿದೆ, ಅಂಗಡಿಯಲ್ಲಿ ಅದನ್ನು ಯಾರೂ ನನಗೆ ಹೇಳಲಿಲ್ಲ. ಒಮ್ಮೆ ತೇವ ಕುಡಿದ ಹಾಳೆಯನ್ನು ಇಸ್ತ್ರಿ ಪೆಟ್ಟಿಗೆಯಿಂದ, ಹಬೆಯಿಲ್ಲದೆ, ಮತ್ತೆ ಒಣಗಿಸಬೇಕು. ಮೊದಲ ಸಲ ಎಂಟು ಹಾಳೆಗಳಿಗೂ ಇಸ್ತ್ರಿ ಮಾಡಿ, ಆರಲೆಂದು ಮೇಜಿನ ಮೇಲೆ ಹರಡಿ, ಅಡುಗೆ ಮುಗಿಸಿ ಬಂದೆ. ಆ ಹಾಳೆಗಳಲ್ಲಿ ಇಟ್ಟ ಪ್ಯಾನ್ಸಿ ಹೂವುಗಳು ಐದು ದಿನವಾದರೂ ಒಣಗದೆ ಅಂಚಿನಲ್ಲಿ ಕಪ್ಪಾದವು. ಆರಲು ಬಿಟ್ಟ ಅರ್ಧ ಗಂಟೆಯಲ್ಲಿ ಹಾಳೆಗಳು ಮಳೆಗಾಲದ ಗಾಳಿಯಿಂದಲೇ ಹೊಟ್ಟೆ ತುಂಬಿಸಿಕೊಂಡಿದ್ದವು. ಕೈಯಿಂದ ಮುಟ್ಟಿದರೆ ಒಣಗಿದ ಹಾಳೆಗೂ ಒಣಗದ ಹಾಳೆಗೂ ವ್ಯತ್ಯಾಸವೇ ತಿಳಿಯುವುದಿಲ್ಲ.

ಪರಿಹಾರ ಸಿಕ್ಕಿದ್ದು ಅಡುಗೆಮನೆಯ ತಕ್ಕಡಿಯಿಂದ. ಚೆನ್ನಾಗಿ ಒಣಗಿದ ಹಾಳೆಯನ್ನು ತೂಗಿ, ಆ ತೂಕವನ್ನು ಅದರ ಮೂಲೆಯಲ್ಲಿ ಪೆನ್ಸಿಲಿನಿಂದ ಬರೆದಿಟ್ಟೆ. ಈಗ ಇಸ್ತ್ರಿ ಮಾಡುವಾಗ ತೂಕ ಅಷ್ಟಕ್ಕೆ ಇಳಿಯುವವರೆಗೆ ಬಿಡುವುದಿಲ್ಲ. ಕಾದ ಹಾಳೆ ಸೊಟ್ಟಗಾಗುತ್ತದೆ, ಸೊಟ್ಟ ಹಾಳೆಯ ಕೆಳಗಿನ ಹೂವು ಸುಕ್ಕಾಗುತ್ತದೆ. ಆದ್ದರಿಂದ ಇಳಿಸಿದ ಕೂಡಲೇ ಹಾಳೆಗಳನ್ನು ಸೆಂಬೆ ಎಂಬ ಅಕ್ಕಿಯ ಬಿಸ್ಕತ್ತು ಬರುವ, ಗಟ್ಟಿ ಮುಚ್ಚಳದ ಡಬ್ಬಿಯಲ್ಲಿ ಒಂದರ ಮೇಲೊಂದಿಟ್ಟು, ಮೇಲೊಂದು ಹಲಗೆಯಿಂದ ಅದುಮಿ, ಮುಚ್ಚಿ ತಣಿಸುತ್ತೇನೆ. ಎಂಟು ಹಾಳೆಗೆ ಮುಕ್ಕಾಲು ಗಂಟೆ ಬೇಕು. ಭಾನುವಾರ ಬೆಳಿಗ್ಗೆ ಬಟ್ಟೆ ಇಸ್ತ್ರಿ ಮಾಡುವ ಅಭ್ಯಾಸ ನನಗೆ ಇರುವುದರಿಂದ ಈ ಕೆಲಸ ಅದರ ಜೊತೆಗೇ ಮುಗಿಯುತ್ತದೆ. ಇಸ್ತ್ರಿಯ ಹತ್ತಿರವೇ ಸುಳಿಯದವರಿಗೆ ಈ ಹಾಳೆ ಹಿಂಸೆಯಾದೀತು.

ಕೆಂಪು ಹೂವು ಮೂರರಲ್ಲೂ ಕಪ್ಪುಛಾಯೆಗೆ ತಿರುಗಿತು. ಹಳದಿ ಮೂರರಲ್ಲೂ ಉಳಿಯಿತು. ಯಾವ ವಿಧಾನದಲ್ಲಿ ಒಣಗಿಸಿದರೂ ಮುಗಿದ ಚಿತ್ರವನ್ನು ಗಾಜು ಮತ್ತು ಅಲ್ಯೂಮಿನಿಯಂ ಹಾಳೆಯ ನಡುವೆ, ಆಮ್ಲಜನಕ ಹೀರುವ ಪೊಟ್ಟಣದೊಂದಿಗೆ, ಗಾಳಿಯಾಡದಂತೆ ಮುಚ್ಚದಿದ್ದರೆ ಬಣ್ಣ ಬಾಳುವುದಿಲ್ಲ.

ಹಾಳೆಗಳ ಕಟ್ಟಿಗೆ ನಾನು ಕೊಟ್ಟದ್ದು ಸುಮಾರು ಐದು ಸಾವಿರ ಯೆನ್. ತಿಂಗಳಿಗೆ ಎರಡು ಸಲವಾದರೂ ಹೂವು ಒತ್ತುವ ನನಗೆ ಅದು ಭಾರವೆನಿಸಲಿಲ್ಲ. ಬೆಂಗಳೂರಿನಲ್ಲಿರುವ ಅಕ್ಕ ತಾನೂ ತರಿಸಿಕೊಳ್ಳಬೇಕೇ ಎಂದು ಕೇಳಿದಾಗ, ಫೆಬ್ರವರಿ, ಮಾರ್ಚ್ ತಿಂಗಳ ಒಣಹವೆಯಲ್ಲಿ ಮೊದಲು ದಿನಪತ್ರಿಕೆಯಲ್ಲೇ ಒಣಗಿಸಿ ನೋಡು ಎಂದೆ. ಆಷಾಢದ ಮಳೆಯಲ್ಲಿ ಮಂಗಳೂರಿನಲ್ಲಿ ಕುಳಿತು ಹೂವು ಒತ್ತುವವರಿಗಾದರೆ ಹಾಳೆಯನ್ನೇ ಹೇಳುತ್ತೇನೆ, ಜೊತೆಗೆ ಗಟ್ಟಿ ಮುಚ್ಚಳದ ಡಬ್ಬಿಯನ್ನೂ.